ಎಂಬತ್ತೇಳೋ, ಎಂಬತ್ತನಾಲ್ಕೋ?

ರಾಕ್ ಆಲ್ಬಮ್‌ಗಳ ಮಟ್ಟಿಗೆ ಎಂಬತ್ತರ ದಶಕದಲ್ಲಿ 1987ಕ್ಕೆ ಸರಿಸಾಟಿಯಾದ ವರ್ಷ ಇನ್ನೊಂದಿಲ್ಲ. ಇದು ನನ್ನ ಗಟ್ಟಿ ನಂಬಿಕೆ. ಮದುವೆಯ ಊಟದ ಪಂಕ್ತಿಯಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಎಲ್ಲಿ ಯಾರು ಕೇಳಿದರೂ ಹೇಳುತ್ತೇನೆ, ಕೇಳದಿದ್ದರೂ ಹೇಳಿದ್ದುಂಟು. ಇದಕ್ಕೆ ಇಂದಿಗೂ ತಲೆಯಾಡಿಸದೆ ಉಳಿದಿರುವವನು ನನ್ನ ಕಾಲೇಜು ದಿನಗಳ ಗೆಳೆಯ. ಅವನ ವರ್ಷ 1984. ಒಂದೇ ಬೆಂಚಿನಲ್ಲಿ ಕುಳಿತು ಓದಿದವರು ನಾವು, ಒಬ್ಬರ ಮಕ್ಕಳ ನಾಮಕರಣದಲ್ಲಿ ಇನ್ನೊಬ್ಬರು ಬಡಿಸಿದವರು, ಕೈ ಕಟ್ಟಿದಾಗ ಸಾಲ ಕೊಟ್ಟು ಪಡೆದವರು. ಈ ಒಂದು ವಿಷಯದಲ್ಲಿ ಮಾತ್ರ ರಾಜಿ ಇಲ್ಲ.

ಐರ್ಲೆಂಡಿನ ಯು2 ತಂಡ ಮೊದಲ ಬಾರಿಗೆ ಭಾರತಕ್ಕೆ ಬರುವ ಸುದ್ದಿ 2019ರಲ್ಲಿ ಬಂತು. ಡಿಸೆಂಬರ್ 15, ಭಾನುವಾರ, ನವಿ ಮುಂಬೈಯ ಡಿ.ವೈ. ಪಾಟೀಲ್ ಕ್ರೀಡಾಂಗಣ. ಬರೀ ಜನಪ್ರಿಯ ಹಾಡುಗಳ ಕಲಸುಮೇಲೋಗರವಲ್ಲ. 1987ರ ಮಾರ್ಚ್‌ನಲ್ಲಿ ಬಿಡುಗಡೆಯಾದ ‘ದಿ ಜೋಶುವಾ ಟ್ರೀ’ಯ ಹನ್ನೊಂದು ಹಾಡುಗಳನ್ನೂ ನುಡಿಸುವ ಪ್ರವಾಸ ಅದು. ಗೆಳೆಯನಿಗೆ ಫೋನ್ ಮಾಡಿ, “ನಿನ್ನ 1984 ಎಂದಾದರೂ ನಿನ್ನನ್ನು ಹುಡುಕಿಕೊಂಡು ಇಷ್ಟು ದೂರ ಬಂದಿದೆಯೇ?” ಎಂದು ಕೇಳಿದೆ. ಅವನು ತಡಮಾಡದೆ, “ಟಿಕೆಟ್ ತೆಗೆದುಕೋ. ಆದರೆ ವಿಮಾನ ಬೇಡ, ರೈಲಿನಲ್ಲಿ ಹೋಗೋಣ. ಒಂದೂವರೆ ಗಂಟೆಯಲ್ಲಿ ಮುಗಿಸುವ ವಾದವಲ್ಲ ಇದು” ಎಂದ.

ಹಾಗೆ ನಾವು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆವು. ಬೆಂಗಳೂರಿನಲ್ಲಿ ರಾತ್ರಿ ಹತ್ತಿದರೆ ಮುಂಬೈ ಮರುದಿನ ಸಂಜೆಯ ಮಾತು. ಗುಂತಕಲ್, ರಾಯಚೂರು, ವಾಡಿ, ಕಲಬುರಗಿ, ಸೊಲ್ಲಾಪುರ, ಪುಣೆ: ರಾಕ್ ಸಂಗೀತದ ಒಂದು ದಶಕವನ್ನು ಅಳೆದು ಸುರಿಯಲು ಇಷ್ಟು ಊರುಗಳು ಬೇಕೇ ಬೇಕು.

ಗೆಳೆಯನ ಪಟ್ಟಿಯನ್ನು ನಾನು ಕೀಳಾಗಿ ಕಾಣುವುದಿಲ್ಲ. ವ್ಯಾನ್ ಹೇಲನ್ ತಂಡ ಆ ವರ್ಷದ ಹೆಸರನ್ನೇ ತನ್ನ ಆಲ್ಬಮ್‌ಗೆ ಇಟ್ಟಿತು. ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ‘ಬಾರ್ನ್ ಇನ್ ದಿ ಯುಎಸ್ಎ’, ಪ್ರಿನ್ಸ್ ಅವರ ‘ಪರ್ಪಲ್ ರೇನ್’, ಐರನ್ ಮೇಡನ್‌ನ ‘ಪವರ್‌ಸ್ಲೇವ್’, ಮೆಟಾಲಿಕಾದ ‘ರೈಡ್ ದಿ ಲೈಟ್ನಿಂಗ್’, ಡೀಪ್ ಪರ್ಪಲ್ ಮರಳಿ ಒಂದುಗೂಡಿ ಮಾಡಿದ ‘ಪರ್ಫೆಕ್ಟ್ ಸ್ಟ್ರೇಂಜರ್ಸ್’, ಬ್ರಯಾನ್ ಆಡಮ್ಸ್ ತಮ್ಮ ಇಪ್ಪತ್ತೈದನೆಯ ಹುಟ್ಟುಹಬ್ಬದಂದು ಹೊರತಂದ ‘ರೆಕ್‌ಲೆಸ್’. ಯಲಹಂಕ ದಾಟುವ ಮೊದಲೇ ಅವನು ಇಷ್ಟನ್ನೂ ಬೆರಳು ಮಡಿಸಿ ಎಣಿಸಿದ. ಎಣಿಕೆಯಲ್ಲಿ ಅವನನ್ನು ಸೋಲಿಸುವುದು ಕಷ್ಟ. ಅದಕ್ಕೇ ನಾನು ಎಣಿಸಲು ಹೋಗುವುದಿಲ್ಲ. ನನ್ನ ವಾದ ಬೇರೆಯೇ ಧಾಟಿಯದು: ಮುಕ್ಕಾಲು ಗಂಟೆಯ ಸಂಗೀತಕ್ಕಾಗಿ ಮನುಷ್ಯರು ಹಿಂದೆಂದೂ ಪಡದಷ್ಟು ಪಾಡು ಪಟ್ಟ ವರ್ಷ 1987. ಆ ಪಾಡಿನ ಕಥೆಗಳು ನಗು ತರಿಸುತ್ತವೆ. ಆದರೆ ಹಾಡು ಶುರುವಾದೊಡನೆ, ಪಟ್ಟಿದ್ದೇ ಸರಿ ಎನಿಸುತ್ತದೆ.

ಮೊದಲ ಸಾಕ್ಷಿಯಾಗಿ ನಾನು ಯಾವಾಗಲೂ ಮುಂದಿಡುವುದು ಮಂಚಗಳನ್ನು. ಪಿಂಕ್ ಫ್ಲಾಯ್ಡ್‌ನ ‘ಎ ಮೊಮೆಂಟರಿ ಲ್ಯಾಪ್ಸ್ ಆಫ್ ರೀಸನ್’ 1987ರ ಸೆಪ್ಟೆಂಬರ್‌ನಲ್ಲಿ ಬಂತು. ಅದರ ಹೊದಿಕೆಯ ಚಿತ್ರ ನೋಡಿದವರು ಮರೆಯುವುದಿಲ್ಲ: ಸಮುದ್ರದ ದಂಡೆ, ಅದರ ಮೇಲೆ ಆಸ್ಪತ್ರೆಯ ಕಬ್ಬಿಣದ ಮಂಚಗಳ ಸಾಲು, ಹಾಸಿಗೆ ಹಾಸಿ ಸಿದ್ಧಪಡಿಸಿದ ಮಂಚಗಳು, ಕಣ್ಣು ಹರಿಯುವವರೆಗೂ ಮಂಚಗಳೇ. ಇಂದಾದರೆ ಒಂದು ಮಂಚದ ಫೋಟೊ ತೆಗೆದು ಉಳಿದದ್ದನ್ನು ಕಂಪ್ಯೂಟರಿಗೆ ಬಿಡುತ್ತಾರೆ. ವಿನ್ಯಾಸಕ ಸ್ಟಾರ್ಮ್ ಥಾರ್ಗರ್ಸನ್ ಹಾಗೆ ಮಾಡುವ ಪೈಕಿ ಅಲ್ಲ. ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಸಾಂಟನ್ ಸ್ಯಾಂಡ್ಸ್ ಎಂಬ ಕಡಲತೀರಕ್ಕೆ 700 ನಿಜವಾದ ಮಂಚಗಳನ್ನು ಸಾಗಿಸಿದರು. ಇಳಿಸಿದರು, ಜೋಡಿಸಿದರು, ದಿಂಬು ಇಟ್ಟರು, ಚಾದರ ಹೊದಿಸಿದರು. ಮಳೆ ಬಂತು! ಅಷ್ಟನ್ನೂ ಎತ್ತಿಕೊಂಡು ಹೋದರು. ಎರಡು ವಾರ ಬಿಟ್ಟು ಮತ್ತೆ ಬಂದು, ಮತ್ತೆ ಇಳಿಸಿ, ಮತ್ತೆ ಹಾಸಿ, ಫೋಟೊ ತೆಗೆದರು.

ಅಂಥ ಬೆವರು ಸುರಿಸಿದ ಚಿತ್ರ ನಮ್ಮ ಕೈಗೆ ಬರುವಾಗ ಕ್ಯಾಸೆಟ್ಟಿನ ಡಬ್ಬಿಯಲ್ಲಿ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾಗಿತ್ತು. ಆದರೂ ನಾವು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಮಂಚಗಳನ್ನು ಎಣಿಸಲು ಕುಳಿತಿದ್ದೆವು. ಗೆಳೆಯ ಇದನ್ನು ಒಪ್ಪುತ್ತಾನೆ. “ಮಂಚಗಳ ವಿಷಯದಲ್ಲಿ ನಿನಗೆ ಪೂರ್ತಿ ಅಂಕ” ಎಂದ, ತನ್ನ ಬರ್ತ್‌ಗೆ ಹತ್ತುತ್ತಾ.

ಆಗ ನಾವು ಬೆಂಗಳೂರಿನಲ್ಲಿ ಓದುತ್ತಿದ್ದೆವು. ವಿದೇಶದ ಹೊಸ ಆಲ್ಬಮ್ ಇಲ್ಲಿ ಅಧಿಕೃತವಾಗಿ ಬರಲು ತಿಂಗಳುಗಳು ಬೇಕಿದ್ದವು. ಕೆಲವು ಬರುತ್ತಲೇ ಇರಲಿಲ್ಲ. ಇಂಥದ್ದೊಂದು ಬಂದಿದೆಯೆಂದು ತಿಳಿಯುವುದೇ ಒಂದು ಸಾಹಸ. ಬಿಬಿಸಿ ವರ್ಲ್ಡ್ ಸರ್ವೀಸ್‌ನ ‘ಎ ಜಾಲಿ ಗುಡ್ ಶೋ’ ಎಂಬ ಕೋರಿಕೆಯ ಕಾರ್ಯಕ್ರಮವನ್ನು ಶಾರ್ಟ್‌ವೇವ್‌ನಲ್ಲಿ ಹಿಡಿಯಲು ರೇಡಿಯೊ ಹಿಡಿದು ಮನೆಯ ಮಹಡಿಯ ಮೂಲೆ ಮೂಲೆಯಲ್ಲೂ ನಿಲ್ಲುತ್ತಿದ್ದೆವು. ಅಲೆ ಏರಿದಾಗ ಗಿಟಾರು, ಇಳಿದಾಗ ಬರೀ ಗೊರಗೊರ. ಹಾಡಿನ ಹೆಸರು ಹೇಳುವ ಹೊತ್ತಿಗೇ ಗೊರಗೊರ ಬರುವುದು ನಿಯಮದಂತಿತ್ತು. ಕೇಳಿಸಿದಷ್ಟನ್ನು ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದುಕೊಂಡು ದಂಡು ಪ್ರದೇಶದ ಒಂದು ರೆಕಾರ್ಡಿಂಗ್ ಅಂಗಡಿಗೆ ಹೋಗುತ್ತಿದ್ದೆವು.

ಆ ಅಂಗಡಿ ನಮ್ಮ ಪಾಲಿನ ವಿಶ್ವವಿದ್ಯಾಲಯ. ವಿದೇಶದಿಂದ ತರಿಸಿದ ಎಲ್‌ಪಿ ತಟ್ಟೆಗಳು ಗೋಡೆಯುದ್ದಕ್ಕೂ ನಿಂತಿರುತ್ತಿದ್ದವು. ಬೇಕಾದ್ದನ್ನು ಚೀಟಿಯಲ್ಲಿ ಬರೆದು, ಖಾಲಿ ಕ್ಯಾಸೆಟ್ ಕೊಟ್ಟು, ಕೆಲವು ದಿನ ಬಿಟ್ಟು ಹೋದರೆ ಹಾಡು ತುಂಬಿಸಿ ಇಟ್ಟಿರುತ್ತಿದ್ದರು. ಕೈ ಬಿಗಿಯಿದ್ದುದರಿಂದ ನಾವು ಯಾವಾಗಲೂ ತೊಂಬತ್ತು ನಿಮಿಷದ ಕ್ಯಾಸೆಟ್ ಕೊಡುತ್ತಿದ್ದೆವು: ಒಂದು ಬದಿಗೆ ಒಂದು ಆಲ್ಬಮ್, ಇನ್ನೊಂದು ಬದಿಗೆ ಇನ್ನೊಂದು. ಲೆಕ್ಕ ಚೆನ್ನಾಗಿತ್ತು. ತೊಡಕೇನೆಂದರೆ, ನನ್ನ 1987 ಯಾವ ಲೆಕ್ಕಕ್ಕೂ ಜಗ್ಗುವ ವರ್ಷವಲ್ಲ. ‘ದಿ ಜೋಶುವಾ ಟ್ರೀ’ಯ ಒಟ್ಟು ಅವಧಿ ಐವತ್ತು ನಿಮಿಷಕ್ಕೆ ತುಸು ಹೆಚ್ಚು, ಕ್ಯಾಸೆಟ್ಟಿನ ಒಂದು ಬದಿ ನಲವತ್ತೈದು. ಹತ್ತನೆಯ ಹಾಡು ‘ಎಕ್ಸಿಟ್’ ಮುಗಿಯುವುದಕ್ಕೂ ಟೇಪು ಮುಗಿದು ಟಕ್ ಎಂದು ಗುಂಡಿ ಮೇಲೇಳುವುದಕ್ಕೂ ಸರಿಹೋಗುತ್ತಿತ್ತು. ಹನ್ನೊಂದನೆಯದಕ್ಕೆ ಅಲ್ಲಿ ಜಾಗವೇ ಇಲ್ಲ. ಅಂಗಡಿಯವರು ಲೇಬಲ್ಲಿನ ಮೇಲೆ ಹತ್ತೇ ಹಾಡಿನ ಹೆಸರು ಬರೆದು ಕೊಟ್ಟರು. ‘ನಿರ್ಗಮನ’ ಎಂಬ ಅರ್ಥದ ಹಾಡಿನೊಂದಿಗೆ ಆಲ್ಬಮ್ ಮುಗಿಯುವುದು ನಮಗೆ ಬಹಳ ಘನವಾಗಿಯೇ ಕಂಡಿತ್ತು. ಕೊನೆಯ ಹಾಡು ‘ಮದರ್ಸ್ ಆಫ್ ದಿ ಡಿಸಪಿಯರ್ಡ್’ ನನ್ನ ಕಿವಿಗೆ ಬಿದ್ದದ್ದು ಸಿ.ಡಿ. ಕೊಳ್ಳುವಷ್ಟು ಸಂಬಳ ಬರತೊಡಗಿದ ಮೇಲೆ.

ಬೆಳಿಗ್ಗೆ ಕಲಬುರಗಿಯಲ್ಲಿ ಒಬ್ಬ ಹಿರಿಯರು ಹತ್ತಿ ನಮ್ಮ ಎದುರು ಕುಳಿತರು. ಬಿಳಿ ಧೋತರ, ಟೋಪಿ, ಕೈಯಲ್ಲಿ ಬುತ್ತಿಯ ಗಂಟು. ನಿವೃತ್ತ ಮಾಸ್ತರರು, ಪುಣೆಯಲ್ಲಿರುವ ಮಗನ ಮನೆಗೆ ಹೊರಟಿದ್ದರು. ನಾವಿಬ್ಬರೂ ಆಗ ಡೆಫ್ ಲೆಪರ್ಡ್ ವಿಷಯದಲ್ಲಿ ಸ್ವರ ಏರಿಸಿದ್ದೆವು. ಸ್ವಲ್ಪ ಹೊತ್ತು ಸುಮ್ಮನೆ ಕೇಳಿದ ಅವರು, “ಯಾವುದೋ ಆಸ್ತಿಯ ತಕರಾರು ಅಂದುಕೊಂಡಿದ್ದೆ. ಸಂಗೀತದ ವಿಷಯವೇ? ಹಾಗಾದರೆ ನನಗೂ ಹೇಳಿ. ನಾನು ತಬಲಾ ನುಡಿಸುವವನು” ಎಂದರು.

ಇಂಥ ಕೇಳುಗರು ಸಿಕ್ಕರೆ ಬಿಡುವುದುಂಟೇ! ಮೊದಲಿನಿಂದ ಹೇಳಿದೆ. ಡೆಫ್ ಲೆಪರ್ಡ್ ಇಂಗ್ಲೆಂಡಿನ ಶೆಫೀಲ್ಡ್ ಊರಿನ ತಂಡ. ಅವರ ಡ್ರಮ್ ವಾದಕ ರಿಕ್ ಆಲನ್. 1984ರ ಡಿಸೆಂಬರ್ 31ರಂದು ಶೆಫೀಲ್ಡ್ ಹತ್ತಿರ ಕಾರು ಅಪಘಾತವಾಗಿ ಅವರ ಎಡಗೈ ಹೋಯಿತು. ವಯಸ್ಸು ಇಪ್ಪತ್ತೊಂದು.

ಮಾಸ್ತರರು ತಮ್ಮ ಎಡಗೈಯನ್ನು ನೋಡಿಕೊಂಡರು. “ಡಗ್ಗಾ ಹೋಯಿತು” ಎಂದರು. ತಬಲಾ ಜೋಡಿಯಲ್ಲಿ ಎಡಗೈಯ ಪಾಲಿನದು ಡಗ್ಗಾ. ಆ ಕೈ ಇಲ್ಲವೆಂದರೆ ಏನೇನು ಇಲ್ಲವಾಗುತ್ತದೆಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

“ತಂಡದವರು ಬೇರೆಯವರನ್ನು ಕರೆತಂದರೇ?”

“ಇಲ್ಲ ಮಾಸ್ತರರೇ, ಕಾದರು.”

ರಿಕ್ ಆಲನ್ ಆಸ್ಪತ್ರೆಯ ಹಾಸಿಗೆಯಲ್ಲಿಯೇ ಕಾಲಿನಿಂದ ಲಯ ಒತ್ತತೊಡಗಿದರು. ಅವರಿಗಾಗಿ ಎಲೆಕ್ಟ್ರಾನಿಕ್ ಡ್ರಮ್‌ಗಳ ಹೊಸ ವ್ಯವಸ್ಥೆಯೊಂದನ್ನು ಕಟ್ಟಿಸಿದರು. ಎಡಗೈ ಬಾರಿಸಬೇಕಾದ್ದನ್ನು ಎಡಗಾಲಿನ ಪೆಡಲ್‌ಗಳು ಬಾರಿಸುತ್ತವೆ. 1986ರ ಆಗಸ್ಟ್‌ನಲ್ಲಿ ಕ್ಯಾಸಲ್ ಡಾನಿಂಗ್ಟನ್‌ನ ದೊಡ್ಡ ರಾಕ್ ಉತ್ಸವದಲ್ಲಿ ಅವರು ಮತ್ತೆ ವೇದಿಕೆ ಏರಿದರು. ಅದರ ಮರುವರ್ಷದ ಆಗಸ್ಟ್‌ನಲ್ಲಿ ‘ಹಿಸ್ಟೀರಿಯಾ’ ಬಿಡುಗಡೆಯಾಯಿತು.

“ಅಂದರೆ 1984ರಲ್ಲಿ ಬಿದ್ದವರು 1987ರಲ್ಲಿ ಎದ್ದರು” ಎಂದು ನಾನು ಗೆಳೆಯನ ಕಡೆ ನೋಡಿದೆ. ಅವನು ಕಿಟಕಿಯ ಹೊರಗೆ ತೊಗರಿಯ ಹೊಲ ನೋಡುತ್ತಿದ್ದ.

‘ಹಿಸ್ಟೀರಿಯಾ’ ತಯಾರಾಗಲು ಮೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ನಿರ್ಮಾಪಕ ಮಟ್ ಲ್ಯಾಂಗ್ ಅವರ ಹಠ ಎಂಥದ್ದೆಂದರೆ, ಕೆಲವು ಕಡೆ ಗಿಟಾರಿನ ಕಾರ್ಡ್ ಒಂದನ್ನು, ಅಂದರೆ ಹಲವು ಸ್ವರಗಳ ಗುಚ್ಛವನ್ನು, ಒಟ್ಟಿಗೆ ಮೀಟಲು ಬಿಡದೆ, ಒಂದೊಂದು ತಂತಿಯನ್ನೂ ಬೇರೆ ಬೇರೆಯಾಗಿ ನುಡಿಸಿ ರೆಕಾರ್ಡ್ ಮಾಡಿಸಿ ಆಮೇಲೆ ಕೂಡಿಸಿದರು. ಇಷ್ಟೆಲ್ಲ ಮುಗಿಯಿತು ಎನ್ನುವಾಗ ಗಾಯಕ ಜೋ ಎಲಿಯಟ್ ಬಿಡುವಿನಲ್ಲಿ ಗಿಟಾರು ಹಿಡಿದು ಏನನ್ನೋ ಗುನುಗುತ್ತಿದ್ದುದು ಲ್ಯಾಂಗ್ ಕಿವಿಗೆ ಬಿತ್ತು. ಇದೂ ಬೇಕು ಎಂದರು. ಹಾಗೆ ಕೊನೆಗಳಿಗೆಯಲ್ಲಿ ಸೇರಿಕೊಂಡದ್ದು ‘ಪೋರ್ ಸಮ್ ಶುಗರ್ ಆನ್ ಮಿ’. ಆಲ್ಬಮ್‌ನ ಉಳಿದೆಲ್ಲ ಹಾಡುಗಳಿಗಿಂತ ಹೆಚ್ಚು ಕಡೆ ಕೇಳಿಸುವುದು ಇವತ್ತಿಗೂ ಅದೇ. ಒಟ್ಟು ಅವಧಿ ಅರುವತ್ತೆರಡು ನಿಮಿಷ ದಾಟಿತು. ಒಂದೇ ಎಲ್‌ಪಿ ತಟ್ಟೆಯಲ್ಲಿ ಅದನ್ನು ಹಿಡಿಸಿದ್ದೇ ದೊಡ್ಡದು. ನಮ್ಮ ಅಂಗಡಿಯವರು ಅದನ್ನು ಕ್ಯಾಸೆಟ್ಟಿನ ಎರಡೂ ಬದಿಗೆ ಹಂಚಿ, ಉಳಿದ ಜಾಗಕ್ಕೆ ತಮ್ಮ ಇಷ್ಟದ ಹಾಡುಗಳನ್ನು ತುಂಬಿ ಕೊಟ್ಟಿದ್ದರು. ಡೆಫ್ ಲೆಪರ್ಡ್ ಆರ್ಭಟ ಮುಗಿದ ಕೂಡಲೇ ಅಬ್ಬಾ ತಂಡದ ಹೆಣ್ಣುದನಿಗಳು ಬರುತ್ತಿದ್ದವು. ಅದೂ ಚೆನ್ನಾಗಿಯೇ ಇರುತ್ತಿತ್ತು.

ಮಾಸ್ತರರಿಗೆ ಮೊಬೈಲಿನಲ್ಲಿ ಹಾಡು ಹಾಕಿ ಇಯರ್‌ಫೋನ್ ಕೊಟ್ಟೆ. ಕಣ್ಣು ಮುಚ್ಚಿ ಕೇಳಿದರು. ಸೀಟಿನ ಕೆಳಗೆ ಅವರ ಎಡಗಾಲು ಅಲ್ಲಾಡತೊಡಗಿತು. ರಿಕ್ ಆಲನ್ ಯಾವ ಪೆಟ್ಟನ್ನು ಕಾಲಿಗೆ ವಹಿಸಿದ್ದಾರೆಂದು ಹುಡುಕುತ್ತಿದ್ದರು. ಹಾಡು ಮುಗಿದ ಮೇಲೆ, “ಈ ಮನುಷ್ಯ ಎಲ್ಲಿಯೂ ಅವಸರ ಮಾಡುವುದಿಲ್ಲ. ಬೇಕಾದಷ್ಟೇ ಪೆಟ್ಟು, ಆದರೆ ಪ್ರತಿಯೊಂದೂ ಜಾಗಕ್ಕೆ ಬೀಳುತ್ತದೆ” ಎಂದರು. ಅಷ್ಟು ವರ್ಷ ಆ ಆಲ್ಬಮ್ ಕೇಳಿದ್ದ ನಾನು ಇಷ್ಟು ಸರಿಯಾದ ಮಾತನ್ನು ಎಲ್ಲಿಯೂ ಓದಿರಲಿಲ್ಲ.

ಆಮೇಲೆ ಅವರಿಗೆ ಯು2 ಆಲ್ಬಮ್‌ನ ಮೊದಲ ಹಾಡು ‘ವೇರ್ ದಿ ಸ್ಟ್ರೀಟ್ಸ್ ಹ್ಯಾವ್ ನೋ ನೇಮ್’ ಕೇಳಿಸಿದೆವು. ಇದಕ್ಕೂ ಒಂದು ಪುರಾಣವಿದೆ. ಈ ಒಂದೇ ಹಾಡು ಸ್ಟುಡಿಯೊದಲ್ಲಿ ಎಷ್ಟು ಕಾಲ ತಿಂದಿತೆಂದರೆ, ಡೇನಿಯಲ್ ಲಾನ್ವಾ ಜೊತೆ ಆಲ್ಬಮ್‌ನ ನಿರ್ಮಾಪಕರಾಗಿದ್ದ ಬ್ರಯಾನ್ ಈನೋ ತಾಳ್ಮೆಗೆಟ್ಟು ಟೇಪನ್ನೇ ಅಳಿಸಿಬಿಡಲು ಮುಂದಾದರು. ಅಳಿಸಿದರೆ ಹೊಸದಾಗಿ ನುಡಿಸದೆ ವಿಧಿಯಿಲ್ಲ ಎಂಬುದು ಅವರ ಉಪಾಯ. ಅಲ್ಲಿದ್ದ ಎಂಜಿನಿಯರ್ ತಡೆದರು. ಆ ಪುಣ್ಯಾತ್ಮರಿಗೆ ನಾನು ಮನಸ್ಸಿನಲ್ಲೇ ಕೈಮುಗಿದ ದಿನಗಳುಂಟು.

ಮಾಸ್ತರರು ತೊಡೆಯ ಮೇಲೆ ಬೆರಳಾಡಿಸುತ್ತಾ ಕೇಳಿದರು. ಮುಖದಲ್ಲಿ ಒಂದು ಗೊಂದಲ, ಮತ್ತೆ ಒಂದು ನಗು. “ಇದೇನು ಆಟ! ಶುರುವಿನಲ್ಲಿ ದಾದ್ರಾ ತಾಳದ ಆರು ಮಾತ್ರೆ ನಡೆಯುತ್ತಿತ್ತು. ಡ್ರಮ್ ಬರುವ ಹೊತ್ತಿಗೆ ಎಂಟು ಮಾತ್ರೆಯ ಕೆಹರವಾ ಆಗಿದೆ. ಯಾವಾಗ ಬದಲಾಯಿಸಿದರು?” ಎಂದು ಮತ್ತೊಮ್ಮೆ ಹಾಕಿಸಿದರು. ಯು2 ತಂಡದ ಗಿಟಾರ್ ವಾದಕ ಎಡ್ಜ್ ಮೂರರ ನಡೆಯಲ್ಲಿ ಶುರುಮಾಡಿ ನಾಲ್ಕರ ನಡೆಗೆ ಜಾರುವುದು ಆ ಹಾಡಿನ ಗುಟ್ಟು. ತಂಡದವರನ್ನು ವಾರಗಟ್ಟಲೆ ಕಾಡಿದ ಆ ತಿರುವನ್ನು ಕಲಬುರಗಿಯ ಮಾಸ್ತರರು ಒಂದೇ ಕೇಳುವಿಕೆಯಲ್ಲಿ ಹಿಡಿದಿದ್ದರು. ಗೆಳೆಯ ಉತ್ಸಾಹ ತಡೆಯಲಾರದೆ ಪಿಂಕ್ ಫ್ಲಾಯ್ಡ್‌ನ ‘ಮನಿ’ ಹಾಕಿದ. ಏಳು ಎಣಿಕೆಯ ಹಾಡು. “ರೂಪಕ್!” ಎಂದರು ಮಾಸ್ತರರು, ಎರಡು ಆವರ್ತ ಮುಗಿಯುವುದರೊಳಗೆ. 1973ರ ಹಾಡು ಅದು, ನಮ್ಮ ವಾದಕ್ಕೆ ಸಂಬಂಧವಿಲ್ಲ. ಆದರೂ ಮೂವರೂ ಚಪ್ಪಾಳೆ ಹೊಡೆದೆವು. ಪಕ್ಕದ ಸಾಲಿನ ಮಗುವೂ ಹೊಡೆಯಿತು.

ಸೊಲ್ಲಾಪುರ ಬಂದಾಗ ಬುತ್ತಿಯ ಗಂಟು ಬಿಚ್ಚಿತು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಗಟ್ಟಿ ಮೊಸರು. ತಿನ್ನುತ್ತಾ 1987ರ ಜಗಳಗಳನ್ನು ಹೇಳಿದೆ, ಏಕೆಂದರೆ ಆ ವರ್ಷ ರಾಕ್ ತಂಡಗಳು ಜಗಳವನ್ನೂ ಮನಸ್ಸಿಟ್ಟೇ ಆಡಿದವು. ವೈಟ್‌ಸ್ನೇಕ್ ತಂಡದ ಆ ವರ್ಷದ ಆಲ್ಬಮ್ ಹೊರಬರುವಷ್ಟರಲ್ಲಿ ಗಾಯಕ ಡೇವಿಡ್ ಕವರ್‌ಡೇಲ್ ಒಬ್ಬರನ್ನು ಬಿಟ್ಟು, ಅದರಲ್ಲಿ ನುಡಿಸಿದ್ದ ತಂಡವೇ ತಂಡದಲ್ಲಿರಲಿಲ್ಲ. ವಿಡಿಯೊದಲ್ಲಿ ಗಿಟಾರು ಹಿಡಿದು ಕೂದಲು ಹಾರಿಸುವವರೆಲ್ಲ ಹೊಸಬರು. ದಿ ಸ್ಮಿತ್ಸ್ ತಂಡ ತನ್ನ ಕೊನೆಯ ಆಲ್ಬಮ್ ಅಂಗಡಿಗೆ ಬರುವ ಮೊದಲೇ ಒಡೆದಿತ್ತು. ಫ್ಲೀಟ್‌ವುಡ್ ಮ್ಯಾಕ್‌ನ ‘ಟ್ಯಾಂಗೋ ಇನ್ ದಿ ನೈಟ್’ ಅನ್ನು ತಿಂಗಳುಗಟ್ಟಲೆ ಕುಳಿತು ಕಡೆದ ಲಿಂಡ್ಸೆ ಬಕಿಂಗ್‌ಹ್ಯಾಮ್, ಪ್ರವಾಸ ಹೊರಡಬೇಕು ಎನ್ನುವಾಗ ತಂಡ ಬಿಟ್ಟು ನಡೆದರು. ಪಿಂಕ್ ಫ್ಲಾಯ್ಡ್ ಎಂಬ ಹೆಸರು ಯಾರದೆಂದು ತಂಡ ಬಿಟ್ಟಿದ್ದ ರಾಜರ್ ವಾಟರ್ಸ್ ಮತ್ತು ಉಳಿದುಕೊಂಡ ಡೇವಿಡ್ ಗಿಲ್ಮೋರ್ ನಡುವೆ ವಕೀಲರು ಓಡಾಡುತ್ತಿದ್ದರು. “ಅಂದರೆ ಆಸ್ತಿಯ ತಕರಾರು ಎಂದು ನಾನು ಮೊದಲೇ ಹೇಳಿದ್ದು ಸರಿಯೇ ಆಯಿತು” ಎಂದರು ಮಾಸ್ತರರು.

ನನಗೆ ಎಲ್ಲಕ್ಕಿಂತ ಪ್ರಿಯವಾದ ಕಥೆ ಸಿಡ್ನಿಯ ಟ್ಯಾಕ್ಸಿ ಚಾಲಕರದು. ಆಸ್ಟ್ರೇಲಿಯಾದ ಇನ್‌ಎಕ್ಸೆಸ್ ತಂಡದ ಆಂಡ್ರ್ಯೂ ಫ್ಯಾರಿಸ್ ಹಾಂಕಾಂಗ್‌ಗೆ ಹೊರಡಲು ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಕರೆಸಿದ್ದರು. ಹತ್ತುವ ಹೊತ್ತಿಗೆ ತಲೆಯಲ್ಲಿ ಒಂದು ಗಿಟಾರ್ ಎಳೆ ಮೊಳೆಯಿತು. ಏನೋ ಮರೆತೆ, ತಂದುಬಿಡುತ್ತೇನೆ ಎಂದು ಒಳಗೆ ಓಡಿದವರು ಆ ಎಳೆಯನ್ನು ರೆಕಾರ್ಡ್ ಮಾಡುತ್ತಾ ಕುಳಿತರು. ಹೊರಗೆ ಚಾಲಕರು ಕಾದರು, ಕಾದರು, ಕಾದರು. ಕೊನೆಗೆ ಫ್ಯಾರಿಸ್ ಕೈಯಲ್ಲೊಂದು ಕ್ಯಾಸೆಟ್ ಹಿಡಿದು ಬಂದಾಗ ಅವರ ಕೋಪ ನೆತ್ತಿಗೇರಿತ್ತು. ಹಾಂಕಾಂಗ್‌ನಲ್ಲಿ ಗಾಯಕ ಮೈಕೆಲ್ ಹಚೆನ್ಸ್ ಆ ಟೇಪಿಗೆ ಸಾಹಿತ್ಯ ಬರೆದರು. ಅದೇ ‘ನೀಡ್ ಯು ಟುನೈಟ್’, 1988ರ ಜನವರಿಯಲ್ಲಿ ಅಮೆರಿಕದ ಪಟ್ಟಿಯಲ್ಲಿ ಒಂದನೆಯ ಸ್ಥಾನ. ಆ ಹಾಡಿರುವ ‘ಕಿಕ್’ ಆಲ್ಬಮ್ ಕೇಳಿದ ಅಮೆರಿಕದ ಕಂಪನಿಗೆ ಅದು ಹಿಡಿಸಲೇ ಇಲ್ಲ. ಹತ್ತು ಲಕ್ಷ ಡಾಲರ್ ಕೊಡುತ್ತೇವೆ, ಹೋಗಿ ಬೇರೆ ಮಾಡಿಕೊಂಡು ಬನ್ನಿ ಎಂದಿತಂತೆ. ಇದು ತಂಡದ ಮ್ಯಾನೇಜರ್ ಆಮೇಲೆ ಹೇಳಿಕೊಂಡ ಮಾತು. ಅವರು ಒಪ್ಪಲಿಲ್ಲ. ಆ ಆಲ್ಬಮ್ ಜಗತ್ತನ್ನೇ ಸುತ್ತಿತು. ಆ ಚಾಲಕರು ಮುಂದೆ ಯಾವುದೋ ಸವಾರಿಯ ನಡುವೆ ರೇಡಿಯೊದಲ್ಲಿ ಈ ಹಾಡು ಕೇಳಿರಲೇಬೇಕು. ತಾವು ಕಾದದ್ದಕ್ಕೇ ಅದು ಹುಟ್ಟಿತೆಂದು ಯಾರಾದರೂ ಅವರಿಗೆ ಹೇಳಿರಲಿ ಎಂದು ನನ್ನ ಆಸೆ.

‘ಅಪೆಟೈಟ್ ಫಾರ್ ಡಿಸ್ಟ್ರಕ್ಷನ್’ ವಿಷಯದಲ್ಲಿ ಕಾಯಬೇಕಾದವರು ತಂಡದವರೇ. ಗನ್ಸ್ ಎನ್ ರೋಸಸ್‌ನ ಈ ಮೊದಲ ಆಲ್ಬಮ್ 1987ರ ಜುಲೈನಲ್ಲಿ ಬಂದಾಗ ಹೆಚ್ಚಿನವರು ತಿರುಗಿಯೂ ನೋಡಲಿಲ್ಲ. ಎಂಟಿವಿ ಅದರ ವಿಡಿಯೊವನ್ನು ಮೊದಲು ಹಾಕಿದ್ದು ಕೋಳಿ ಕೂಗುವ ಮುಂಚಿನ ಹೊತ್ತಿನಲ್ಲಿ. ಆ ಹೊತ್ತಿನಲ್ಲಿ ಎಚ್ಚರವಿದ್ದವರು ಯಾರೋ, ಅವರೆಲ್ಲ ಫೋನ್ ಮಾಡಿ ಮತ್ತೆ ಹಾಕಿ ಎಂದರು. ಆಲ್ಬಮ್ ಒಂದನೆಯ ಸ್ಥಾನಕ್ಕೆ ಏರಿದ್ದು ವರ್ಷ ಕಳೆದು, 1988ರ ಆಗಸ್ಟ್‌ನಲ್ಲಿ. ಗೆಳೆಯ ತಕ್ಷಣ, “ಹಾಗಾದರೆ ಅದು 1988ರ ಲೆಕ್ಕಕ್ಕೆ” ಎಂದ. ಹುಟ್ಟಿದ ದಿನಾಂಕವೇ ದಿನಾಂಕ, ಶಾಲೆಗೆ ಸೇರಿದ ದಿನಾಂಕವಲ್ಲ ಎಂದು ಮಾಸ್ತರರು ತೀರ್ಪು ಕೊಟ್ಟರು. ಹಾಜರಿ ಪುಸ್ತಕ ಬರೆದವರ ಮಾತು, ಮೇಲ್ಮನವಿಗೆ ಅವಕಾಶವಿಲ್ಲ.

ಪುಣೆ ಹತ್ತಿರವಾಗುತ್ತಿತ್ತು. ಗೆಳೆಯನ ಮರ್ಮಕ್ಕೆ ತಾಗುವ ಕಥೆಯನ್ನು ನಾನು ಕೊನೆಗೆ ಇಟ್ಟುಕೊಂಡಿದ್ದೆ. ಅವನ ಪಾಲಿಗೆ ಮೆಟಾಲಿಕಾ ಎಂದರೆ ಮನೆದೇವರು. 2011ರ ಅಕ್ಟೋಬರ್‌ನಲ್ಲಿ ಅವರು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಮಧ್ಯಾಹ್ನದಿಂದಲೇ ಹೋಗಿ ನಿಂತವನು. ಗ್ರ್ಯಾಮಿ ಪ್ರಶಸ್ತಿಯವರು ಹಾರ್ಡ್ ರಾಕ್ ಮತ್ತು ಮೆಟಲ್‌ಗೆಂದು ಮೊದಲ ಬಾರಿ ಪ್ರಶಸ್ತಿ ಕೊಟ್ಟದ್ದು 1989ರ ಫೆಬ್ರುವರಿಯಲ್ಲಿ. ಮೆಟಾಲಿಕಾಗೇ ಸಿಗುತ್ತದೆಂದು ಲೋಕವೆಲ್ಲ ನಂಬಿತ್ತು. ಲಕೋಟೆ ಒಡೆದರೆ ಜೆಥ್ರೋ ಟಲ್! 1987ರ ಸೆಪ್ಟೆಂಬರ್‌ನಲ್ಲಿ ಬಂದಿದ್ದ ‘ಕ್ರೆಸ್ಟ್ ಆಫ್ ಎ ನೇವ್’ ಆಲ್ಬಮ್‌ಗೆ. ಗೆಲ್ಲುವುದಿಲ್ಲವೆಂದು ನಂಬಿದ ಆ ತಂಡ ಸಮಾರಂಭಕ್ಕೇ ಹೋಗಿರಲಿಲ್ಲ. ಅದರ ನಾಯಕ ಇಯಾನ್ ಆಂಡರ್ಸನ್ ನುಡಿಸುವುದು ಏನನ್ನು ಎಂದು ಮಾಸ್ತರರನ್ನು ಕೇಳಿದೆ.

“ಡ್ರಮ್ಮೇ?”

“ಕೊಳಲು, ಮಾಸ್ತರರೇ. ಅದೂ ಒಂಟಿ ಕಾಲಿನ ಮೇಲೆ ನಿಂತು.”

ಮಾಸ್ತರರ ಮುಖ ಅರಳಿತು. “ಕೃಷ್ಣನ ಹಾಗೆ!” ಎಂದರು. ಫೋಟೊ ತೋರಿಸಿದೆ: ಗಡ್ಡಧಾರಿ, ಬಲಗಾಲು ಮಡಿಸಿ ಎಡಗಾಲಿನ ಮೇಲೆ ನಿಂತು, ತುಟಿಗೆ ಕೊಳಲು. ಅವರು ಆ ಫೋಟೊವನ್ನು ಬಹಳ ಹೊತ್ತು ಹಿಡಿದುಕೊಂಡರು. ಅಷ್ಟು ಗದ್ದಲ ಮಾಡುವವರ ನಡುವೆ ಕೊಳಲಿನವರು ಗೆದ್ದರಲ್ಲ ಎಂಬ ಸಂತೋಷ ಅವರ ಮುಖದಿಂದ ಇಳಿಯಲಿಲ್ಲ. ಜೆಥ್ರೋ ಟಲ್‌ನ ಕಂಪನಿ ಆಮೇಲೆ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತು: ಕೊಳಲೂ ಭಾರವಾದ ಲೋಹದ ವಾದ್ಯವೇ ಎಂದು. ಮೆಟಾಲಿಕಾದವರೂ ದೊಡ್ಡ ಮನಸ್ಸಿನವರು. 1992ರಲ್ಲಿ ತಮಗೆ ಪ್ರಶಸ್ತಿ ಬಂದಾಗ ಡ್ರಮ್ ವಾದಕ ಲಾರ್ಸ್ ಉಲ್ರಿಕ್, ಈ ವರ್ಷ ಆಲ್ಬಮ್ ತರದಿದ್ದುದಕ್ಕೆ ಜೆಥ್ರೋ ಟಲ್‌ಗೆ ಧನ್ಯವಾದ ಎಂದು ವೇದಿಕೆಯ ಮೇಲಿಂದ ಹೇಳಿ ಎಲ್ಲರನ್ನೂ ನಗಿಸಿದರು.

ಪುಣೆಯಲ್ಲಿ ಇಳಿಯುವ ಮುನ್ನ ಮಾಸ್ತರರು, “ಆ ಕೊಳಲಿನವರ ಹೆಸರು ಬರೆದುಕೊಡಿ. ಮೊಮ್ಮಗನಿಗೆ ಹೇಳಿ ಹಾಕಿಸುತ್ತೇನೆ” ಎಂದರು. ಬರೆದುಕೊಡಲು ನನ್ನ ಬಳಿ ಪೆನ್ನಿರಲಿಲ್ಲ. ಜೇಬಿನಿಂದ ಪೆನ್ನು ತೆಗೆದು, ಮೆಟಾಲಿಕಾವನ್ನು ಸೋಲಿಸಿದ ಮನುಷ್ಯನ ಹೆಸರನ್ನು ಸ್ವಚ್ಛವಾದ ಕನ್ನಡ ಅಕ್ಷರಗಳಲ್ಲಿ ಬರೆದುಕೊಟ್ಟವನು ನನ್ನ ಗೆಳೆಯ. ಅವನ ಮೇಲಿನ ನನ್ನ ಪ್ರೀತಿ ಆ ಕ್ಷಣ ಇಮ್ಮಡಿಯಾಯಿತು.

ಮರುದಿನ ಸಂಜೆ ನೆರೂಲ್ ನಿಲ್ದಾಣದಿಂದ ಕ್ರೀಡಾಂಗಣದವರೆಗೂ ಜನವೋ ಜನ. ನಮ್ಮ ವಯಸ್ಸಿನವರು, ಅವರ ಮಕ್ಕಳು, ಈಶಾನ್ಯ ರಾಜ್ಯಗಳಿಂದ ಬಂದವರು, ಹಳೆಯ ಟಿ-ಶರ್ಟನ್ನು ಹೊಟ್ಟೆಯ ಮೇಲೆ ಎಳೆದು ಕೂರಿಸಿಕೊಂಡವರು. ‘ಸಂಡೇ ಬ್ಲಡಿ ಸಂಡೇ’ಯಿಂದ ಆರಂಭ. ಕೆಲವು ಹಳೆಯ ಹಾಡುಗಳಾದ ಮೇಲೆ ಕ್ರೀಡಾಂಗಣದ ಅಗಲಕ್ಕೂ ನಿಂತಿದ್ದ ಪರದೆ ಕೆಂಪಾಯಿತು, ಆರ್ಗನ್ ಶ್ರುತಿ ಎದ್ದಿತು, ಎಡ್ಜ್ ಗಿಟಾರು ಬಂತು. ನಾನು ತೊಡೆಯ ಮೇಲೆ ದಾದ್ರಾ ಎಣಿಸತೊಡಗಿದೆ. ಪಕ್ಕಕ್ಕೆ ನೋಡಿದರೆ ಗೆಳೆಯನೂ ಎಣಿಸುತ್ತಿದ್ದ. ಲಯ ತಿರುಗಿದ ಜಾಗದಲ್ಲಿ ಇಬ್ಬರೂ ಒಟ್ಟಿಗೆ ಗಾಳಿಯಲ್ಲಿ ಸಮ್, ಅಂದರೆ ತಾಳದ ಮೊದಲ ಪೆಟ್ಟು, ಹೊಡೆದೆವು. ಪರದೆಯ ಮೇಲೆ ಮರುಭೂಮಿಯ ರಸ್ತೆ ಮುಗಿಯದೆ ಸಾಗುತ್ತಿತ್ತು. ಆಲ್ಬಮ್‌ನ ಚಿತ್ರಗಳನ್ನು 1986ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ತೆಗೆದ ಆಂಟನ್ ಕಾರ್ಬೈನ್ ಅವರೇ ಈ ಪ್ರವಾಸಕ್ಕಾಗಿ ಮಾಡಿದ ಚಲನಚಿತ್ರ ಅದು. ಅಂದು ಅವರು ಚಿತ್ರ ತೆಗೆದ ಒಂಟಿ ಜೋಶುವಾ ಮರ ಡಾರ್ವಿನ್ ಎಂಬ ಪುಟ್ಟ ಊರಿನ ಬಳಿ ಇತ್ತು. 2000ದ ಸುಮಾರಿಗೆ ಬಿದ್ದುಹೋಯಿತು. ಆದರೂ ಅಭಿಮಾನಿಗಳು ಹೆಸರು ನಂಬಿ ನೂರಾರು ಮೈಲಿ ಆಚೆಯ ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ, ಅಲ್ಲಿರುವ ಸಾವಿರಾರು ಮರಗಳ ನಡುವೆ ಆ ಒಂದನ್ನು ಹುಡುಕುತ್ತಾರೆ. ಹುಡುಕಲಿ. ಅಂಥ ಆಲ್ಬಮ್ ಅದು.

‘ಎಕ್ಸಿಟ್’ ಮುಗಿದಾಗ ನನ್ನ ಕಿವಿ ಆ ಟಕ್ ಸದ್ದಿಗೆ ಕಾದಿತ್ತು. ಅದು ಬರಲಿಲ್ಲ. ಬದಲಿಗೆ ‘ಮದರ್ಸ್ ಆಫ್ ದಿ ಡಿಸಪಿಯರ್ಡ್’ ಬಂತು. ಅರ್ಜೆಂಟೀನಾದ ಸೈನಿಕ ಆಡಳಿತದಲ್ಲಿ ಕಾಣೆಯಾದ ಮಕ್ಕಳಿಗಾಗಿ ಬ್ಯೂನಸ್ ಐರಿಸ್‌ನ ಚೌಕದಲ್ಲಿ ವಾರವಾರ ಬಂದು ಸುತ್ತು ಹಾಕುತ್ತಿದ್ದ ತಾಯಂದಿರ ಹಾಡು. ಎಲ್ ಸಾಲ್ವಡೋರ್‌ನಲ್ಲಿ ಅಂಥದ್ದೇ ತಾಯಂದಿರನ್ನು ಯು2 ಗಾಯಕ ಬೋನೊ ಕಂಡುಬಂದಿದ್ದರು. ನಮ್ಮ ಕ್ಯಾಸೆಟ್ಟಿನಲ್ಲಿ ಜಾಗ ಸಿಗದ ಹಾಡಿಗೆ ಇಲ್ಲಿ ಇಡೀ ಕ್ರೀಡಾಂಗಣ ನಿಂತಿತ್ತು. ಗೆಳೆಯ ಕನ್ನಡಕ ಒರೆಸಿಕೊಂಡ. ಬಳಿಕ ಎ.ಆರ್. ರೆಹಮಾನ್ ವೇದಿಕೆಗೆ ಬಂದು ‘ಅಹಿಂಸಾ’ ಹಾಡಿನಲ್ಲಿ ಜೊತೆಯಾದರು. ಕೂಗಿ ಕೂಗಿ ನನಗೆ ಗಂಟಲು ಉಳಿದಿರಲಿಲ್ಲ.

ಲೋಕಲ್ ರೈಲಿನಲ್ಲಿ ಹೇಗೋ ನುಗ್ಗಿ ನಿಂತೆವು. ಗೆಳೆಯ ನನ್ನ ಕಿವಿಯ ಹತ್ತಿರ ಬಾಯಿ ತಂದು, “ಆದರೂ ಈನೋ ಮತ್ತು ಲಾನ್ವಾ ಯು2 ಜೊತೆ ಕೆಲಸ ಶುರುಮಾಡಿದ್ದು ‘ದಿ ಅನ್‌ಫರ್ಗೆಟಬಲ್ ಫೈರ್’ನಲ್ಲಿ. ಅದು ಬಂದದ್ದು 1984ರಲ್ಲಿ” ಎಂದ. ನಾನು ಉತ್ತರ ಕೊಡುವಷ್ಟರಲ್ಲಿ, ನಮ್ಮಿಬ್ಬರ ನಡುವೆ ಕಂಬಿ ಹಿಡಿದು ನಿಂತಿದ್ದ ಹುಡುಗನೊಬ್ಬ ತಿರುಗಿದ. ಹುಬ್ಬಳ್ಳಿಯವನಂತೆ, ಪೊವಾಯಿಯಲ್ಲಿ ಕೆಲಸ, ನಮ್ಮ ಕನ್ನಡ ಕೇಳಿ ಖುಷಿಯಾಗಿತ್ತು. “ಕ್ಷಮಿಸಿ ಸರ್, ನಡುವೆ ಬಾಯಿ ಹಾಕುತ್ತಿದ್ದೇನೆ. ಯು2 ತಂಡದ ಅತ್ಯುತ್ತಮ ಆಲ್ಬಮ್ ‘ಅಖ್ತುಂಗ್ ಬೇಬಿ’. ನಿರ್ವಾಣ, ಪರ್ಲ್ ಜಾಮ್, ಮೆಟಾಲಿಕಾದ ಕಪ್ಪು ಆಲ್ಬಮ್, ಎಲ್ಲ ಬಂದದ್ದು ಒಂದೇ ವರ್ಷ. 1991ರ ಮುಂದೆ ಎಂಬತ್ತರ ದಶಕ ಪೂರ್ತಿ ಇಟ್ಟರೂ ತೂಗುವುದಿಲ್ಲ” ಎಂದ.

ಗೆಳೆಯ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ.

“ನೀನು ಮಂಚಗಳಿಂದ ಶುರುಮಾಡು” ಎಂದ ಅವನು, ಅಂಗಿಯ ತೋಳು ಮಡಿಸುತ್ತಾ. “ಉಸಿರು ತಿರುಗಿಸಿಕೊಳ್ಳುವಾಗ ನಾನು ವ್ಯಾನ್ ಹೇಲನ್ ಹಿಡಿದುಕೊಳ್ಳುತ್ತೇನೆ.” ವಾಶಿ ದಾಟಿ ರೈಲು ಸೇತುವೆಗೆ ಬಂದಿತ್ತು, ಹುಡುಗ ಕುರ್ಲಾದವರೆಗೆ ಇಳಿಯುವಂತಿರಲಿಲ್ಲ. “ತಮ್ಮಾ, ಸಾಂಟನ್ ಸ್ಯಾಂಡ್ಸ್ ಎಂಬ ಕಡಲತೀರದ ಹೆಸರು ಕೇಳಿದ್ದೀಯಾ?” ಎಂದು ನಾನು ಆರಂಭಿಸಿದೆ.